ಒದ್ದೆ ಮದ್ದು, ತಪ್ಪಿದ ಗುರಿ

ರೋಗಕ್ಕೆ ಕೊಡುವುದನ್ನೂ ನಾವು ಮದ್ದು ಎನ್ನುತ್ತೇವೆ, ಕೋವಿಗೆ ತುಂಬುವುದನ್ನೂ ಮದ್ದು ಎನ್ನುತ್ತೇವೆ. ಒಂದು ಜೀವ ಉಳಿಸುವಂಥದು, ಇನ್ನೊಂದು ಜೀವ ತೆಗೆಯುವಂಥದು. ಆದರೆ ಜೋಪಾನವಾಗಿ ಇಡದಿದ್ದರೆ ಎರಡೂ ಬೇಕಾದ ಹೊತ್ತಿಗೆ ಕೈಕೊಡುತ್ತವೆ. ನಮ್ಮ ಚರಿತ್ರೆಯ ಪುಸ್ತಕಗಳು ಕೋವಿ ಹಿಡಿದವರ ಶೌರ್ಯವನ್ನೂ ಬೆನ್ನಿಗೆ ಇರಿದವರ ದ್ರೋಹವನ್ನೂ ಪುಟಗಟ್ಟಲೆ ಹೇಳುತ್ತವೆ. ಮದ್ದನ್ನು ಒಣಗಿಸಿ ಕಾಪಾಡಿದವರ ವಿಷಯದಲ್ಲಿ ಮಾತ್ರ ಮೌನ ವಹಿಸುತ್ತವೆ.

1757ರ ಜೂನ್ 23ರ ಪ್ಲಾಸಿ ಕದನವನ್ನೇ ನೋಡೋಣ. ಮೀರ್ ಜಾಫರನ ದ್ರೋಹದಿಂದ ಬಂಗಾಳ ಹೋಯಿತೆಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅದು ಸುಳ್ಳಲ್ಲ. ಆದರೆ ಅಂದು ಮಧ್ಯಾಹ್ನ ಸುರಿದ ಮಳೆಗೂ ಅದರಲ್ಲಿ ಪಾಲಿದೆ. ಕಂಪನಿಯ ಸೈನಿಕರು ತಮ್ಮ ಮದ್ದಿನ ಮೇಲೆ ಟಾರ್ಪಾಲು ಹೊದಿಸಿದರು. ನವಾಬ್ ಸಿರಾಜುದ್ದೌಲನ ಕಡೆಯ ಮದ್ದು ನೆನೆದು ಫಿರಂಗಿಗಳು ಮೂಕವಾದವು. ಎದುರಾಳಿಯ ಸ್ಥಿತಿಯೂ ಹೀಗೇ ಇದ್ದೀತೆಂದು ನಂಬಿ ಮುನ್ನುಗ್ಗಿದ ನಿಷ್ಠಾವಂತ ಸೇನಾನಿ ಮೀರ್ ಮದನ್ ಗುಂಡೇಟಿಗೆ ಬಲಿಯಾದ. ದ್ರೋಹಕ್ಕೆ ದಾರಿ ಸಲೀಸಾದದ್ದು ಆ ಬಳಿಕ.

ಹಾಗಾದರೆ ಮದ್ದಿನ ಆಯುಸ್ಸು ಎಷ್ಟು? ಸುಮಾರು 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ: ಇದು ಕರಿಮದ್ದಿನ ಪಾಕ. ಈ ಮೂರೂ ತಾವಾಗಿಯೇ ಹಳಸುವ ವಸ್ತುಗಳಲ್ಲ. ತೇವ ತಾಗದಿದ್ದರೆ ಕರಿಮದ್ದು ನೂರು ವರ್ಷ ದಾಟಿಯೂ ಬಾಳುತ್ತದೆ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದ ಕಾಲದ ಗುಂಡೊಂದು 2008ರಲ್ಲಿ ವರ್ಜೀನಿಯಾದಲ್ಲಿ ಸಿಡಿದು, ಅದನ್ನು ಶುಚಿಗೊಳಿಸುತ್ತಿದ್ದ ಹವ್ಯಾಸಿಯ ಪ್ರಾಣ ತೆಗೆಯಿತು. ಅದೇ ಮದ್ದಿಗೆ ನೀರು ತಗುಲಿದರೆ ಒಂದೇ ರಾತ್ರಿ ಸಾಕು. ಪೆಟ್ಲುಪ್ಪು ಕರಗಿ ಇದ್ದಿಲು, ಗಂಧಕಗಳಿಂದ ಬೇರ್ಪಡುತ್ತದೆ. ಮತ್ತೆ ಒಣಗಿಸಿದರೂ ಅದು ಬೇರೆಯಾಗಿಯೇ ಹರಳುಗಟ್ಟುವುದರಿಂದ ಮೊದಲಿನ ಹದ ಬರುವುದಿಲ್ಲ. ನೋಟಕ್ಕೆ ಮದ್ದೇ, ಉರಿಯುವಾಗ ಮಾತ್ರ ಬರೀ ಹೊಗೆ.

ಮದ್ದು ತೇವ ಹೀರುವುದಕ್ಕೆ ಮುಖ್ಯ ಕಾರಣ ಪೆಟ್ಲುಪ್ಪಿನಲ್ಲಿ ಬೆರೆತಿರುವ ಕಲ್ಮಶ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಮುಂತಾದವುಗಳ ಲವಣಗಳು. ಹದಿಮೂರನೆಯ ಶತಮಾನದಲ್ಲಿ ಸಿರಿಯಾದ ಹಸನ್ ಅಲ್ ರಮ್ಮಾಹ್ ಇದಕ್ಕೊಂದು ಪರಿಹಾರವನ್ನು ಬರೆದಿಟ್ಟ. ಪೆಟ್ಲುಪ್ಪಿನ ದ್ರಾವಣಕ್ಕೆ ಕಟ್ಟಿಗೆಯ ಬೂದಿ ಸೇರಿಸಿದರೆ ಈ ಕಲ್ಮಶಗಳು ತಳದಲ್ಲಿ ಕೂರುತ್ತವೆ, ತಿಳಿಯನ್ನು ಬಸಿದು ಕುದಿಸಿದರೆ ಶುದ್ಧ ಹರಳು ದೊರೆಯುತ್ತದೆ. ಒಲೆಯ ಬೂದಿ ಯುದ್ಧದ ಹಣೆಬರಹ ತಿದ್ದಬಲ್ಲದು ಎಂದರೆ ನಮಗಿಂದು ಅಚ್ಚರಿಯಾದೀತು. ಬಿಹಾರದಲ್ಲಿ ಉಪ್ಪುಮಣ್ಣು ಕೆರೆದು, ನೀರು ಬಸಿದು, ಕುದಿಸಿ ಪೆಟ್ಲುಪ್ಪು ತೆಗೆಯುತ್ತಿದ್ದವರು ನುನಿಯಾ ಸಮುದಾಯದ ಬಡವರು. ಪ್ಲಾಸಿಯ ಮರುವರ್ಷವೇ ಕಂಪನಿ ಆ ಪೆಟ್ಲುಪ್ಪಿನ ಏಕಸ್ವಾಮ್ಯವನ್ನು ತನ್ನದಾಗಿಸಿಕೊಂಡಿತು. ಮದ್ದಿನ ಬೆಲೆ ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಕೆಟ್ಟ ಮದ್ದು ಸಿಡಿಯದೆ ಹೋದರೆ ಒಂದು ಬಗೆಯ ಅಪಾಯ, ಅರೆಬರೆ ಸಿಡಿದರೆ ಇನ್ನೊಂದು ಬಗೆಯದು. ಬಾಯಿಯಿಂದ ಮದ್ದು ಗಿಡಿಯುವ ಆ ಕಾಲದ ಕೋವಿಗಳ ಗುರಿ ಮೊದಲೇ ಅಷ್ಟಕ್ಕಷ್ಟೆ. ಬೇಗ ತುಂಬಲೆಂದು ಗುಂಡನ್ನು ನಳಿಗೆಗಿಂತ ತುಸು ಸಣ್ಣದಾಗಿ ಎರಕಹೊಯ್ಯುತ್ತಿದ್ದರು. ಅದು ನಳಿಗೆಯೊಳಗೆ ಅತ್ತಿತ್ತ ಬಡಿದುಕೊಂಡೇ ಹೊರಬೀಳುತ್ತಿತ್ತು. ನೂರು ಗಜದಾಚೆ ನಿಂತ ಒಬ್ಬನಿಗೆ ಗುಂಡು ತಗುಲುವುದು ಅದೃಷ್ಟದ ಮಾತು. ಮದ್ದಿಗೂ ತೇವ ತಾಗಿದರೆ ಒಂದು ಗುಂಡು ವೇಗವಾಗಿ ಹೋಗುತ್ತದೆ, ಮುಂದಿನದು ನಿಧಾನವಾಗಿ ಹೋಗಿ ಕೆಳಗೆ ಬೀಳುತ್ತದೆ. ಕುದುರೆ ಎಳೆದ ಮೇಲೆ ಮದ್ದು ಕ್ಷಣಕಾಲ ತಡೆದು ಹೊತ್ತಿಕೊಂಡರೆ ಅಷ್ಟರಲ್ಲಿ ಕೈ ಸರಿದಿರುತ್ತದೆ. ಸಾಲದ್ದಕ್ಕೆ, ಸುಟ್ಟ ಕರಿಮದ್ದಿನ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ, ಮಸಿಯಾಗಿ ಉಳಿಯುತ್ತದೆ. ನಳಿಗೆಗೆ ಅಂಟಿದ ಮಸಿಯೂ ತೇವ ಹೀರುತ್ತದೆ. ಎಂಥ ಗುರಿಕಾರನಾದರೂ ಏನು ಮಾಡಿಯಾನು?

ಶ್ರೀರಂಗಪಟ್ಟಣಕ್ಕೆ ಹೋದವರು ದರಿಯಾ ದೌಲತ್ ನೋಡುತ್ತಾರೆ, ಗುಂಬಜ್ ನೋಡುತ್ತಾರೆ. ಟಿಪ್ಪು ಕಾಲದ ಮದ್ದಿನ ಮನೆಗಳ ಮುಂದೆ ನಿಲ್ಲುವವರು ಕಡಿಮೆ. ಸುತ್ತಲೂ ಕಾವೇರಿ ಹರಿಯುವ ದ್ವೀಪದಲ್ಲಿ ಮದ್ದನ್ನು ಒಣಗಿಡುವುದು ಸಾಮಾನ್ಯ ಕೆಲಸವಲ್ಲ. ತೇವ ತಾಗಿದರೆ ಮದ್ದು ಸತ್ತಿತು, ಒಣಗಿದ್ದು ಕಿಡಿ ತಾಗಿದರೆ ಕಾಯುವವರೇ ಸತ್ತರು. 1799ರ ಮೇ 2ರಂದು ಶತ್ರುಗಳ ಗುಂಡು ಬಿದ್ದು ಕೋಟೆಯೊಳಗಿನ ರಾಕೆಟ್ಟುಗಳ ದಾಸ್ತಾನು ಸ್ಫೋಟಿಸಿತು. ಎರಡೇ ದಿನಗಳಲ್ಲಿ ಕೋಟೆ ಬಿತ್ತು, ಟಿಪ್ಪು ಹುತಾತ್ಮನಾದ. ಮಳೆಗಾಲ ಹಿಡಿದು ಕಾವೇರಿ ತುಂಬುವ ಮೊದಲೇ ಕೆಲಸ ಮುಗಿಸಬೇಕೆಂಬ ಅವಸರ ಇಂಗ್ಲಿಷರಿಗಿತ್ತು.

2017ರಲ್ಲಿ ಜೋಡಿ ರೈಲು ಹಳಿಗಾಗಿ ಅಂಥ ಮದ್ದಿನ ಮನೆಯೊಂದನ್ನು ಕೆಡವದೆ, ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಲಾಯಿತು. ಮರುವರ್ಷ ಶಿವಮೊಗ್ಗ ಜಿಲ್ಲೆಯ ನಗರದ ಪಾಳು ಬಾವಿಯೊಂದರಲ್ಲಿ ತುಕ್ಕು ಹಿಡಿದ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಸಿಕ್ಕವು. ಮಲೆನಾಡಿನ ಮಳೆಯಲ್ಲಿ ನೆನೆದ ಆ ಕಬ್ಬಿಣದ ಕೊಳವೆಗಳನ್ನು ಬಡಿದು ಮಾಡಿದ ಕಮ್ಮಾರ ಯಾರು, ಮದ್ದು ಅರೆದು ತುಂಬಿದವರು ಯಾರು? ಅವರ ಜಾತಿ, ಮತ ಯಾವುದು? ಯಾವ ದಾಖಲೆಯೂ ಅವರ ಹೆಸರು ಹೇಳುವುದಿಲ್ಲ.

ಟಿಪ್ಪುವಿನ ಹೆಸರೆತ್ತಿದರೆ ಸಾಕು, ಜೈಕಾರ ಹಾಕುವವರೂ ಧಿಕ್ಕಾರ ಕೂಗುವವರೂ ಎದುರುಬದುರಾಗುತ್ತಾರೆ. ಇಬ್ಬರ ಕಣ್ಣೂ ಸಿಂಹಾಸನದ ಮೇಲೆಯೇ ಇರುತ್ತದೆ. ಚರಿತ್ರೆಯೂ ಒಂದು ಬಗೆಯ ಮದ್ದೇ. ಕಲ್ಮಶ ತೆಗೆದು ಕಾಪಿಟ್ಟರೆ ಕೆಡದೆ ಬಾಳುತ್ತದೆ. ಕಲ್ಮಶ ಬೆರೆತರೆ ಗುರಿ ತಪ್ಪುತ್ತದೆ, ಗುಂಡು ತಗುಲುವುದು ಪಕ್ಕದಲ್ಲಿ ನಿಂತ ನೆರೆಯವನಿಗೆ. ಶ್ರೀರಂಗಪಟ್ಟಣಕ್ಕೆ ಹೋದಾಗ ಆ ಮದ್ದಿನ ಮನೆಗಳ ಮುಂದೆಯೂ ಒಂದು ಗಳಿಗೆ ನಿಲ್ಲೋಣ. ಅಲ್ಲಿ ದುಡಿದ ಹೆಸರಿಲ್ಲದ ಕೈಗಳನ್ನು ನೆನೆಯೋಣ.