ಪ್ರಿಂಟ್ ಸರ್ವರ್: ವಿಜಯಪುರದಲ್ಲಿ ನಿಂತು ನೋಡಿದ ಚರಿತ್ರೆ

ಹಲವು ಗಣಕಗಳ ಮುದ್ರಣವನ್ನು ಒಂದೆಡೆ ನಿಭಾಯಿಸುವ ಪ್ರಿಂಟ್ ಸರ್ವರ್ ಕಾಲ ಮುಗಿಯಿತು, ವೈಫೈ ಪ್ರಿಂಟರ್ ತಂದಿಟ್ಟರೆ ಸಾಕು ಎಂಬ ಮಾತು ವಿಜಯಪುರದ ಕಂಪ್ಯೂಟರ್ ಅಂಗಡಿಗಳಲ್ಲಿ ಈಗ ಸಾಮಾನ್ಯ. 2017ರ ಬಜೆಟ್ಟಿನಲ್ಲಿ ತಾಲ್ಲೂಕುಗಳೆಂದು ಘೋಷಣೆಯಾದ ತಿಕೋಟಾ, ಬಬಲೇಶ್ವರಗಳ ಕಚೇರಿ, ಶಾಲೆಗಳಿಗೂ ಇದೇ ಸಲಹೆ ಹೋಗುತ್ತಿದೆ. ಒಂದೇ ಕೋಣೆಯಲ್ಲಿ ವಿಂಡೋಸ್ 7, ವಿಂಡೋಸ್ 11, ಉಬುಂಟು, ಮೊಬೈಲ್ ಎಲ್ಲವೂ ಇರುವಲ್ಲಿ ಈ ಸಲಹೆ ನಡೆಯುವುದಿಲ್ಲ. ಅಚ್ಚಾಗಬೇಕಾದದ್ದು ಕನ್ನಡ ಎಂಬುದನ್ನಂತೂ ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಪ್ರಿಂಟ್ ಸರ್ವರ್ ಚರಿತ್ರೆಯ ಮೊದಲ ಹಂತವನ್ನು ಬೇಗ ಹೇಳಿ ಮುಗಿಸಬಹುದು. ಬರ್ಕ್ಲಿ ಯುನಿಕ್ಸ್‌ನ ಎಲ್‌ಪಿಡಿ (ಅದರ ವಿವರಣೆ 1990ರಲ್ಲಿ ಆರ್‌ಎಫ್‌ಸಿ 1179 ಆಗಿ ಬಂತು), ನಾವೆಲ್ ನೆಟ್‌ವೇರ್‌ನ ಸರತಿ, 1991ರ ಎಚ್‌ಪಿ ಜೆಟ್‌ಡೈರೆಕ್ಟ್ ಕಾರ್ಡು ಇವೆಲ್ಲ ಯಾರ ಕಾಗದ ಮೊದಲು ಎಂಬುದನ್ನು ಬಗೆಹರಿಸಿದವು. ಲಿಪಿಯ ತಂಟೆಗೆ ಹೋಗಲಿಲ್ಲ.

ನಮ್ಮಲ್ಲಿ ಕಷ್ಟ ಶುರುವಾದದ್ದೇ ಲಿಪಿಯಿಂದ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನೊಳಗೆ ಇದ್ದದ್ದು ರೋಮನ್ ಅಕ್ಷರ. ಕನ್ನಡ ಬೇಕಾದರೆ ಇಡೀ ಸಾಲು ಚುಕ್ಕಿಗಳ ಚಿತ್ರವಾಗಿ ಹೋಗಬೇಕಿತ್ತು, ತೀರ ನಿಧಾನವಾಗಿ. 2000ದ ಸುಮಾರಿಗೆ ಭೂದಾಖಲೆಗಳ ‘ಭೂಮಿ’ ಯೋಜನೆ ಬಂದು, ಸುಮಾರು 2 ಕೋಟಿ ಪಹಣಿ ಗಣಕಕ್ಕೇರಿ, ಕೈಬರಹದ ಉತಾರ ನಿಂತಿತು. ಆ ಯೋಜನೆಯನ್ನು ಹೊಗಳಿ ಬರೆದವರು ಬಹಳ ಮಂದಿ, ಅದರ ಮುದ್ರಣದ ಬದಿಯನ್ನು ನೋಡಿದವರು ಕಡಿಮೆ. ಇತ್ತ ಕಚೇರಿಗಳಲ್ಲಿ ಹಬ್ಬಿದ ಕನ್ನಡ ತಂತ್ರಾಂಶ ‘ನುಡಿ’ಯ ಹಳೆಯ ಫಾಂಟುಗಳು ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಹೀಗಾಗಿ ಅಕ್ಷರಕ್ಕೆ ರೂಪ ಕೊಡುವುದು ಯಾವ ಯಂತ್ರ ಎಂಬುದೇ ನಮಗೆ ಮುಖ್ಯ ಪ್ರಶ್ನೆಯಾಯಿತು.

ಇದಕ್ಕೆ ಉತ್ತರ ಸಿಕ್ಕಿದ್ದು ನಮ್ಮ ತಲೆಮಾರಿನಲ್ಲಿ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ 1992ರಲ್ಲಿ ಆರಂಭಿಸಿದ ಸಾಂಬಾ, ವಿಂಡೋಸ್ ಗಣಕಗಳಿಗೆ ಯುನಿಕ್ಸ್ ಯಂತ್ರವನ್ನು ತಮ್ಮದೇ ಸರ್ವರ್‌ನಂತೆ ತೋರಿಸಿತು. 1999ರಲ್ಲಿ ಮೈಕೆಲ್ ಸ್ವೀಟ್ ಅವರ ಮುದ್ರಣ ವ್ಯವಸ್ಥೆ ಕಪ್ಸ್ ಬಂತು. 2002ರಲ್ಲಿ ಅದನ್ನು ಆಪಲ್ ತನ್ನ ಮ್ಯಾಕ್‌ಗೂ ತೆಗೆದುಕೊಂಡಿತು. ಕಪ್ಸ್‌ನಲ್ಲಿ ಎರಡು ದಾರಿಗಳಿದ್ದವು. ಒಂದರಲ್ಲಿ ಪ್ರತಿ ಗಣಕವೂ ತನ್ನ ಡ್ರೈವರ್‌ನಿಂದ ಎಲ್ಲ ಸಿದ್ಧಮಾಡಿ ಕಳಿಸುತ್ತದೆ, ಸರ್ವರ್ ಅದನ್ನು ಹಾಗೇ ದಾಟಿಸುತ್ತದೆ. ಅವಸರದವರು ಇದನ್ನೇ ಹಿಡಿದರು. ವಿಂಡೋಸ್ ಆವೃತ್ತಿ ಬದಲಾಗಿ ಹೊಸ ಡ್ರೈವರ್ ಸಿಗದಿದ್ದಾಗ ಗಟ್ಟಿಯಾಗಿದ್ದ ಪ್ರಿಂಟರುಗಳು ಮೂಲೆ ಸೇರಿದವು. ಇನ್ನೊಂದರಲ್ಲಿ ಗಣಕವು ಫಾಂಟ್ ಒಳಗಿಟ್ಟ ಪೋಸ್ಟ್‌ಸ್ಕ್ರಿಪ್ಟ್ ಅಥವಾ ಪಿಡಿಎಫ್ ಕಳಿಸುತ್ತದೆ, ಗೋಸ್ಟ್‌ಸ್ಕ್ರಿಪ್ಟ್‌ನಂಥ ಸೋಸುಕಗಳು ಸರ್ವರ್‌ನಲ್ಲಿ ಅದನ್ನು ಪ್ರಿಂಟರಿನ ಭಾಷೆಗೆ ತಿರುಗಿಸುತ್ತವೆ. ನುಡಿಯಾಗಲಿ ಯೂನಿಕೋಡ್ ಆಗಲಿ, ಒತ್ತಕ್ಷರ ಚೆದುರುವುದಿಲ್ಲ. ಡ್ರೈವರ್ ಒಂದೇ ಕಡೆ. ಮಿಶ್ರ ಕಚೇರಿಗೆ ನಾನು ಒಪ್ಪುವ ದಾರಿ ಇದೊಂದೇ.

ಆಮೇಲಿನ ಬೆಳವಣಿಗೆಗಳು ಈ ಪಕ್ಷವನ್ನೇ ಗಟ್ಟಿಮಾಡಿವೆ. 2010ರ ಏರ್‌ಪ್ರಿಂಟ್, ನಂತರದ ಐಪಿಪಿ ಎವ್ರಿವೇರ್ ಎರಡೂ ಕಪ್ಸ್ ನೆಚ್ಚಿಕೊಂಡ ಐಪಿಪಿ ಎಂಬ ಮುದ್ರಣ ನಿಯಮದ ಮೇಲೇ ನಿಂತಿವೆ. ಅಂತರ್ಜಾಲದ ಮೂಲಕ ಅಚ್ಚುಹಾಕಿಸುತ್ತಿದ್ದ ಗೂಗಲ್ ಕ್ಲೌಡ್ ಪ್ರಿಂಟ್ 2020ರ ಕೊನೆಗೆ ಮುಚ್ಚಿತು. ಅದನ್ನೇ ನಂಬಿದವರ ಪ್ರಿಂಟರುಗಳಿಗೆ ಬೇರೆ ದಾರಿ ಹುಡುಕಬೇಕಾಯಿತು. 2021ರ ‘ಪ್ರಿಂಟ್‌ನೈಟ್‌ಮೇರ್’ ದೋಷದ ನಂತರ ವಿಂಡೋಸ್ ಡ್ರೈವರ್ ಹಾಕುವುದನ್ನೇ ಬಿಗಿಮಾಡಿತು. 2024ರಲ್ಲಿ ಕಪ್ಸ್ ಬಳಗದಲ್ಲೂ ದೋಷ ಕಂಡಿತು. ಹಾಗಾಗಿ ಅದು ಬಳಸುವ 631ನೆಯ ಪೋರ್ಟನ್ನು ಕಚೇರಿಯ ಹೊರಗೆ ತೆರೆದಿಡಬಾರದು. ಹಳೆಯ ಲೇಸರ್ ಪ್ರಿಂಟರನ್ನು ಒಂದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಗಣಕಕ್ಕೆ ಜೋಡಿಸಿ ಕಪ್ಸ್ ಹಾಕಿದರೆ ಹೊಸ ಮೊಬೈಲೂ ಅದನ್ನು ಗುರುತಿಸುತ್ತದೆ. ಅಂತರ್ಜಾಲ ಕಡಿದಾಗಲೂ ಶಾಲೆಯ ಪ್ರಶ್ನೆಪತ್ರಿಕೆ ಅಚ್ಚಾಗುತ್ತದೆ.

ಇಷ್ಟಿದ್ದೂ ನಮ್ಮ ತಂತ್ರಜ್ಞರಿಗೆ ಕನ್ನಡದಲ್ಲೊಂದು ಕೈಪಿಡಿ ನನ್ನ ಕಣ್ಣಿಗೆ ಬಿದ್ದಿಲ್ಲ. ವಚನಗಳನ್ನು ಅಚ್ಚುಹಾಕಲು ಫ.ಗು. ಹಳಕಟ್ಟಿಯವರು ಹಿತಚಿಂತಕ ಮುದ್ರಣಾಲಯವನ್ನೇ ತೆರೆದ ಊರಿನಲ್ಲಿ ಈ ಉದಾಸೀನ ನೋವು ತರುತ್ತದೆ. ಪ್ರಿಂಟರ್ ಜೋಡಿಸಿದವರು ಇಂಗ್ಲಿಷ್ ಪರೀಕ್ಷಾ ಪುಟ ತೆಗೆದು ಎದ್ದುಹೋಗುತ್ತಾರೆ. ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಕಲಿಸಬೇಕಾದ ಪರೀಕ್ಷಾ ಪುಟ ಬೇರೆ: ಒಂದು ನುಡಿ ಕಡತ, ಒಂದು ಯೂನಿಕೋಡ್ ಕಡತ, ಎರಡರಲ್ಲೂ ‘ಸ್ತ್ರೀ’, ‘ರಾಷ್ಟ್ರೀಯ’, ‘ಸೂರ್ಯ’, ಪ್ರತಿ ಗಣಕದಿಂದ ಒಮ್ಮೆ, ಮೊಬೈಲಿನಿಂದ ಒಮ್ಮೆ.