ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಸಂಮೋಹನ ಚಿಕಿತ್ಸೆ: ನಡೆದ ಹಾದಿ, ಉಳಿದ ಕೆಲಸ

ಮಗು ನಿದ್ದೆಯಲ್ಲಿ ಕಟಕಟ ಹಲ್ಲು ಕಡಿದರೆ ಹೊಟ್ಟೆಯಲ್ಲಿ ಜಂತುಹುಳು ಇದೆ ಎನ್ನುವುದು ನಮ್ಮ ಮನೆಗಳ ವಾಡಿಕೆಯ ಮಾತು. ದೊಡ್ಡವರೂ ಹಲ್ಲು ಕಡಿಯುತ್ತಾರೆ. ಎನಾಮಲ್ ಸವೆಯುತ್ತದೆ, ಬೆಳಿಗ್ಗೆ ಏಳುವಾಗ ದವಡೆ ಬಿಗಿದಿರುತ್ತದೆ, ಕಣತಲೆ ನೋಯುತ್ತದೆ. ವೈದ್ಯರು ಇದನ್ನು ಬ್ರಕ್ಸಿಸಂ ಎನ್ನುತ್ತಾರೆ. ಇದರ ಮೂಲ ಎಲ್ಲಿದೆ ಎಂಬ ತಿಳಿವಳಿಕೆ ಬದಲಾದಂತೆಲ್ಲ ಚಿಕಿತ್ಸೆಯೂ ಬದಲಾಗಿದೆ.

1907ರಲ್ಲಿ ಫ್ರಾನ್ಸಿನ ಮಾರಿ ಮತ್ತು ಪಿಯೆಟ್ಕೀವಿಚ್ ಇದನ್ನು ‘ಬ್ರಕ್ಸೊಮೇನಿಯಾ’ ಎಂದು ಕರೆದರು. ಮುಂದೆ ದಂತವೈದ್ಯರ ಗಮನ ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ರೀತಿಯ ಮೇಲೆ ನೆಟ್ಟಿತು. 1961ರಲ್ಲಿ ಪ್ರಕಟವಾದ ರ‍್ಯಾಮ್‌ಫ್ಯೋರ್ಡ್ ಅವರ ಅಧ್ಯಯನ, ಹಲ್ಲುಗಳು ಸರಿಯಾಗಿ ಕೂಡದಿರುವುದೇ ಕಡಿಯಲು ಕಾರಣ ಎಂಬ ನಂಬಿಕೆಗೆ ಬಲ ಕೊಟ್ಟಿತು. ಉಬ್ಬಿದ ಹಲ್ಲನ್ನು ಉಜ್ಜಿ ಸಮ ಮಾಡುವುದು, ಮಲಗುವಾಗ ಹಲ್ಲಿಗೆ ತೊಡಿಸುವ ಕವಚ, ಅಂದರೆ ನೈಟ್ ಗಾರ್ಡ್ ಹಾಕುವುದು ರೂಢಿಯಾಯಿತು. ಗಾರ್ಡ್ ಹಲ್ಲನ್ನು ಕಾಯುತ್ತದೆ, ನಿಜ. ಕಡಿಯುವುದನ್ನೇ ಅದು ನಿಲ್ಲಿಸುತ್ತದೆ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು ಲಭ್ಯ ಅಧ್ಯಯನಗಳನ್ನು ಒಟ್ಟಾಗಿ ತೂಗಿದ 2007ರ ಕಾಕ್ರೇನ್ ಪರಾಮರ್ಶೆ ಹೇಳಿತು.

ಇತ್ತ ಸಂಮೋಹನ ಬೇರೆ ದಾರಿಯಲ್ಲಿ ಬೆಳೆಯುತ್ತಿತ್ತು. ವೈದ್ಯ ಜೇಮ್ಸ್ ಬ್ರೇಡ್ 1843ರಲ್ಲಿ ಅದರ ಬಗ್ಗೆ ಪುಸ್ತಕ ಬರೆದರು. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ವೈದ್ಯ ಜೇಮ್ಸ್ ಎಸ್ಡೇಲ್ ಸಂಮೋಹನದ ಹಳೆಯ ರೂಪವಾದ ಮೆಸ್ಮರಿಸಂ ಬಳಸಿ ಶಸ್ತ್ರಕ್ರಿಯೆ ನಡೆಸಿದರು. 1955ರಲ್ಲಿ ಬ್ರಿಟನ್ನಿನ, 1958ರಲ್ಲಿ ಅಮೆರಿಕದ ವೈದ್ಯ ಸಂಘಗಳು ಸಂಮೋಹನಕ್ಕೆ ಮನ್ನಣೆ ಕೊಟ್ಟವು. ಹಲ್ಲು ಕಡಿಯುವವರಿಗೆ ಇದನ್ನು ಬಳಸಿದ ವರದಿಗಳು 1970ರ ದಶಕದಲ್ಲಿ ಬಂದವು. ಆದರೆ ಒಬ್ಬಿಬ್ಬರು ರೋಗಿಗಳ ಮಾತೇ ಆಧಾರವಾದರೆ ಏನು ತಿಳಿದೀತು? ನಿದ್ದೆಯಲ್ಲಿ ಕಡಿಯುವವರಿಗೆ ತಾವು ಕಡಿಯುವುದೇ ಗೊತ್ತಿರುವುದಿಲ್ಲ.

ಈ ಕೊರತೆ ನೀಗಿಸಲು 1991ರಲ್ಲಿ ಕ್ಲಾರ್ಕ್ ಮತ್ತು ರೆನಾಲ್ಡ್ಸ್ ಪ್ರಯತ್ನಿಸಿದರು. ಅಮೆರಿಕದ ಈ ಸಂಶೋಧಕರು ಎಂಟು ಜನರ ದವಡೆ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಚಿಕಿತ್ಸೆಗೆ ಮುನ್ನ ಮತ್ತು ನಂತರ ಅಳೆದರು. ಚಟುವಟಿಕೆ ಗಮನಾರ್ಹವಾಗಿ ಇಳಿದಿತ್ತು. ಮುಖದ ನೋವು ಕಡಿಮೆಯಾಯಿತೆಂದು ರೋಗಿಗಳೂ, ಸದ್ದು ಕಡಿಮೆಯಾಯಿತೆಂದು ಪಕ್ಕದಲ್ಲಿ ಮಲಗುವವರೂ ಹೇಳಿದರು. 4ರಿಂದ 36 ತಿಂಗಳ ಬಳಿಕ ವಿಚಾರಿಸಿದಾಗಲೂ ಅದೇ ಉತ್ತರ ಬಂತು. ಆದರೆ ಹೋಲಿಸಿ ನೋಡಲು ಚಿಕಿತ್ಸೆಯಿಲ್ಲದ ಇನ್ನೊಂದು ಗುಂಪು ಇರಲಿಲ್ಲ.

ಇಂಥ ಚಿಕಿತ್ಸೆಯಲ್ಲಿ ನಡೆಯುವುದು ಸರಳ. ರೋಗಿ ಕಣ್ಣು ಮುಚ್ಚಿ ಉಸಿರಿನ ಮೇಲೆ ಗಮನ ಇಡುತ್ತಾರೆ. ಚಿಕಿತ್ಸಕರು ನಿಧಾನವಾಗಿ ದವಡೆಯತ್ತ ಮನಸ್ಸು ತರುತ್ತಾರೆ: ತುಟಿ ಕೂಡಿರಲಿ, ಹಲ್ಲು ಬಿಡಿಯಾಗಿರಲಿ, ಹಲ್ಲಿಗೆ ಹಲ್ಲು ತಾಗಿದ ಕೂಡಲೇ ದವಡೆ ಸಡಿಲವಾಗಲಿ. ಈ ಸೂಚನೆ ರಾತ್ರಿಯೂ ಕೆಲಸ ಮಾಡಲಿ ಎಂಬುದು ಆಶಯ.

ಈ ಆಶಯದ ಎದುರು ಕಠಿಣ ಪ್ರಶ್ನೆ ಇಟ್ಟಿದ್ದು ಮಾಂಟ್ರಿಯಲ್‌ನಲ್ಲಿ ಜಿಲ್ ಲವೀನ್ ಮತ್ತು ಸಂಗಡಿಗರು ನಡೆಸಿದ ನಿದ್ರಾ ಸಂಶೋಧನೆ. ಕಡಿಯುವ ಮೊದಲೇ ಮಿದುಳು ಕ್ಷಣಕಾಲ ಎಚ್ಚರದತ್ತ ಹೊರಳುತ್ತದೆ, ಎದೆಬಡಿತ ಏರುತ್ತದೆ. ದವಡೆ ಬಿಗಿಯುವುದು ಆಮೇಲೆ. ಹಾಗಾದರೆ ಹಗಲಿನ ಸೂಚನೆ ನಿದ್ದೆಯ ಈ ಸರಪಳಿಯನ್ನು ಎಲ್ಲಿ ಮುರಿಯುತ್ತದೆ? ಹಗಲಿನ ಉದ್ವೇಗ ಇಳಿದು ನಿದ್ದೆ ನೆಮ್ಮದಿಯಾಗುವುದರಿಂದ ಲಾಭವಾಗುತ್ತಿರಬಹುದು. ಅದಿನ್ನೂ ಊಹೆ.

ನೋವಿನ ವಿಷಯದಲ್ಲಿ ಪುರಾವೆ ಇದಕ್ಕಿಂತ ಗಟ್ಟಿ. ಡೆನ್ಮಾರ್ಕ್‌ನಲ್ಲಿ ದವಡೆ ನೋವಿದ್ದ 40 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಮೋಹನ ಪಡೆದವರ ನೋವು ಸ್ಪಷ್ಟವಾಗಿ ತಗ್ಗಿತ್ತು. ನೋವು ತಗ್ಗುವುದೂ ಕಡಿಯುವುದು ನಿಲ್ಲುವುದೂ ಒಂದೇ ಅಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಆರೋಗ್ಯವಂತರಲ್ಲಿ ಬ್ರಕ್ಸಿಸಂ ರೋಗವಲ್ಲ, ಒಂದು ವರ್ತನೆ ಎಂದು 2018ರಲ್ಲಿ ಪರಿಣತರು ಒಪ್ಪಿದ್ದಾರೆ. ಅದರಿಂದ ಹಾನಿಯಾಗುತ್ತಿದ್ದರೆ ಮಾತ್ರ ಚಿಕಿತ್ಸೆಯ ಪ್ರಶ್ನೆ.

ಹಾಗಾಗಿ ಮೊದಲು ದಂತವೈದ್ಯರ ಬಳಿ ಹೋಗಬೇಕು. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆಗೆ ತೆಗೆದುಕೊಳ್ಳುವ ಕೆಲವು ಮಾತ್ರೆಗಳು ಇದಕ್ಕೆ ಜೊತೆಯಾಗಿವೆಯೇ ಎಂದು ನೋಡಿಸಬೇಕು. ತರಬೇತಿ ಪಡೆದವರು ಕೊಡುವ ಸಂಮೋಹನ ಚಿಕಿತ್ಸೆ ಗಾರ್ಡ್‌ನ ಜೊತೆಗಿರಲಿ, ಅದರ ಬದಲಿಗೆ ಬೇಡ. ಸಂಶೋಧಕರ ಕೆಲಸವೂ ಸ್ಪಷ್ಟವಾಗಿದೆ. ಮನೆಯಲ್ಲೇ ದವಡೆಯ ಚಲನೆ ದಾಖಲಿಸುವ ಪುಟ್ಟ ಸಾಧನಗಳು ಈಗ ಇವೆ. ದೊಡ್ಡ ಗುಂಪುಗಳನ್ನು ಹೋಲಿಸಿ ಅಳೆದರೆ, ಎಂಟು ಜನರಲ್ಲಿ ಕಂಡ ಫಲ ಎಷ್ಟು ಮಂದಿಗೆ ದಕ್ಕುತ್ತದೆಂದು ಖಚಿತವಾಗಿ ಹೇಳಬಹುದು. ನರಳುವವರಿಗೆ ಆ ಉತ್ತರ ಸಲ್ಲಬೇಕು.