ಸಿಡುಬನ್ನು ಹುಡುಕಿದ ಚಿತ್ರ

ಸಿಡುಬು ಎಂಬ ಹೆಸರನ್ನು ಬಾಯಿಬಿಟ್ಟು ಹೇಳಲು ನಮ್ಮ ಹಿರಿಯರು ಅಂಜುತ್ತಿದ್ದರು. ‘ಅಮ್ಮ ಬಂದಿದ್ದಾಳೆ’ ಎಂದು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದರು. ಉತ್ತರದವರಿಗೆ ಆಕೆ ಶೀತಲಾ ಮಾತೆ, ತಮಿಳರಿಗೆ ಅಮ್ಮೈ, ಬಂಗಾಳಿಗಳು ರೋಗವನ್ನು ಬಸಂತ ಎಂದರು. ಊರಿಗೊಂದು ಹೆಸರು, ಮನೆಗೊಂದು ನಂಬಿಕೆಯಿದ್ದ ದೇಶದಲ್ಲಿ ರೋಗ ಎಲ್ಲಿದೆ, ಜನ ಅದನ್ನೇಕೆ ಮರೆಮಾಡುತ್ತಾರೆ ಎಂದು ತಿಳಿಯುವುದು ಹೇಗೆ? ಈ ತೊಡಕನ್ನು ಬಹುಮಟ್ಟಿಗೆ ಬಿಡಿಸಿದ್ದು ಒಂದು ಚಿತ್ರ.

ಆರೋಗ್ಯದ ಕಾರ್ಯಕ್ಕೆ ಚಿತ್ರ ಒದಗಿದ್ದು ಅದೇ ಮೊದಲಲ್ಲ. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಬರೆದ ತೈಲಚಿತ್ರವೊಂದರಲ್ಲಿ ಮೂವರು ಸ್ತ್ರೀಯರಿದ್ದಾರೆ. ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ, ತೋರಿಸುತ್ತಿರುವುದು ಮೈಲಿ ಹಾಕಿಸಿಕೊಂಡ ಜಾಗ ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅವರ ಅಭಿಪ್ರಾಯ. ಅದು ಜನರಿಗೆ ಬುದ್ಧಿ ಹೇಳುವ ಚಿತ್ರ.

1973ರಲ್ಲಿ ಉತ್ತರ ಭಾರತದ ಹಳ್ಳಿಗಳಿಗೆ ಬಂದದ್ದು ಜನರನ್ನು ಕೇಳುವ ಚಿತ್ರ. ಮೈತುಂಬ ಗುಳ್ಳೆಯೆದ್ದ ಮಗುವಿನ ಫೋಟೋ ಇದ್ದ ಕಾರ್ಡು ಅದು. ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕ್ರಮದಲ್ಲಿ ಇಂಡೋನೇಷ್ಯಾದಲ್ಲಿ ಬಳಸಿ ಫಲ ಕಂಡಿದ್ದ ಉಪಾಯ. ಕಾರ್ಯಕರ್ತರು ಅದನ್ನು ಹಿಡಿದು ಮನೆಮನೆ, ಶಾಲೆ, ಸಂತೆ, ಚಹದಂಗಡಿಗಳನ್ನು ಸುತ್ತಿದರು. ಇಂಥ ರೋಗಿಯನ್ನು ಎಲ್ಲಾದರೂ ನೋಡಿದ್ದೀರಾ ಎಂಬುದೊಂದೇ ಪ್ರಶ್ನೆ. ರೋಗದ ಹೆಸರು ಹೇಳಬೇಕಿರಲಿಲ್ಲ. ಓದು ಬರಹ ಬೇಕಿರಲಿಲ್ಲ. ಹಿರಿಯರು ಮುಚ್ಚಿಟ್ಟದ್ದನ್ನು ಶಾಲೆಯ ಮಕ್ಕಳು ಹೇಳಿಬಿಡುತ್ತಿದ್ದರು. ಅಕ್ಟೋಬರಿನ ಮೊದಲ ಶೋಧದಲ್ಲೇ ಉತ್ತರ ಪ್ರದೇಶ, ಬಿಹಾರಗಳಲ್ಲಿ ಸುಮಾರು 10 ಸಾವಿರ ರೋಗಿಗಳು ಪತ್ತೆಯಾದರು.

ಶೋಧ ಮುಗಿದ ಮೇಲೆ ಬೇರೆಯವರು ಕೆಲವು ಮನೆಗಳಿಗೆ ಹೋಗಿ ಕಾರ್ಡನ್ನು ನೋಡಿದಿರಾ, ರೋಗ ಕಂಡರೆ ಯಾರಿಗೆ ತಿಳಿಸುತ್ತೀರಿ ಎಂದು ಕೇಳುತ್ತಿದ್ದರು. ಸುದ್ದಿ ಎಲ್ಲಿ ತಲುಪಿಲ್ಲ ಎಂಬುದು ಇದರಿಂದ ಗೊತ್ತಾಗುತ್ತಿತ್ತು. ಜನರ ನಡವಳಿಕೆಯೂ ಬಯಲಾಯಿತು. ನೆಂಟರು ರೋಗಿಯನ್ನು ನೋಡಲು ಬಂದು ಸೋಂಕನ್ನು ಹೊತ್ತೊಯ್ಯುತ್ತಿದ್ದರು. 1974ರಲ್ಲಿ ಟಾಟಾನಗರದಲ್ಲಿ ಕಾಯಿಲೆ ಬಿದ್ದ ಕೂಲಿಗಳು ರೈಲು ಹತ್ತಿ ತಮ್ಮೂರುಗಳಿಗೆ ಹೊರಟರು. ರೋಗವೂ ಜೊತೆಯಲ್ಲೇ ಹೋಯಿತು. ಹೊಟ್ಟೆಪಾಡಿಗೆ ಪರಸ್ಥಳಕ್ಕೆ ಹೋದವನು ಕಾಯಿಲೆ ಬಿದ್ದಾಗ ಹುಟ್ಟಿದೂರನ್ನೇ ನೆನೆಯುವುದು ನಮಗೆ ತಿಳಿಯದ ಮಾತಲ್ಲ. ಕೆಲವೆಡೆ ಬಲವಂತವಾಗಿ ಚುಚ್ಚಿದ್ದೂ ಉಂಟು; ಅಂಥಲ್ಲಿ ಜನ ಬಾಗಿಲು ಮುಚ್ಚಿಕೊಂಡರು. ಚಿತ್ರ ಗಳಿಸಿದ ವಿಶ್ವಾಸವನ್ನು ಸೂಜಿ ಕಳೆಯಬಲ್ಲದು ಎಂಬ ಪಾಠವೂ ಈ ಇತಿಹಾಸದಲ್ಲಿದೆ.

ಭಾರತದ ಕೊನೆಯ ರೋಗಿ ಅಸ್ಸಾಮಿನ ಕರೀಂಗಂಜಿನಲ್ಲಿ 1975ರ ಮೇ ತಿಂಗಳಲ್ಲಿ ಪತ್ತೆಯಾದಳು. 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವೆಂದು ಘೋಷಿಸಲಾಯಿತು.

ಮುಂದೆ 1990ರ ದಶಕದಲ್ಲಿ ಚೀನಾದ ಯುನ್ನಾನ್ ಪ್ರಾಂತದಲ್ಲಿ ಕ್ಯಾರೊಲೈನ್ ವಾಂಗ್ ಮತ್ತು ಮೇರಿ ಆನ್ ಬರಿಸ್ ಇನ್ನೂ ಒಂದು ಹೆಜ್ಜೆಯಿಟ್ಟರು. ಹಳ್ಳಿಯ 62 ಮಂದಿ ಹೆಂಗಸರ ಕೈಗೆ ಕ್ಯಾಮೆರಾ ಕೊಟ್ಟು, ನಿಮ್ಮ ಬಾಳನ್ನು ನೀವೇ ತೋರಿಸಿ ಎಂದರು. ಅರಮನೆಯ ಚಿತ್ರ ಜನರಿಗೆ ಹೇಳಿತು, ಕಾರ್ಡು ಜನರನ್ನು ಕೇಳಿತು. ಕ್ಯಾಮೆರಾದ ಹಿಂದೆ ಜನರೇ ನಿಂತು ಮಾತಾಡಿದರು. ಅಷ್ಟು ದೂರ ಬರಲು ಸುಮಾರು ಇನ್ನೂರು ವರ್ಷ ಬೇಕಾಯಿತು.